ಪಟ್ಟಿಯಲ್ಲಿ ಹೆಸರಿಲ್ಲದ ಕಟ್ಟಡಗಳು

(ಪಡೀಲಿನ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮನ್ನು ಇಲ್ಲಿಗೆ ಬರಮಾಡಿಕೊಂಡ ಮಹನೀಯರು ‘ನಮ್ಮೂರಿನ ಹಳೆಯ ಕಟ್ಟಡಗಳ ರಕ್ಷಣೆ’ ಎಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಕೇಳಿಕೊಂಡರು. ಪಡೀಲಿನಲ್ಲಿ ನಿಂತು ಪ್ರಾಚೀನತೆಯ ಮಾತೇ ಎಂದು ನಮ್ಮ ಮಿತ್ರರೊಬ್ಬರು ನಕ್ಕರು. ಅವರ ನಗುವಿಗೆ ಕಾರಣವಿಲ್ಲದೆ ಇಲ್ಲ. ಕದ್ರಿಯಲ್ಲಿ ಕ್ರಿ. ಶ. ೯೬೮ರ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಬೋಳೂರಿನ ನದೀತೀರದಲ್ಲಿ ಸುಲ್ತಾನ್ ಬತ್ತೇರಿಯಿದೆ. ಪಡೀಲಿನಲ್ಲಿ ಏನಿದೆ? ಹೆದ್ದಾರಿಗಳು ಕವಲೊಡೆಯುವ ಕೂಡುದಾರಿಯಿದೆ, ಸಮೀಪದಲ್ಲಿ ಮಂಗಳೂರು ಜಂಕ್ಷನ್ ರೈಲು ನಿಲ್ದಾಣವಿದೆ, ಹಗಲಿರುಳೆನ್ನದೆ ಲಾರಿಗಳ ಸದ್ದಿದೆ. ಜನರು ಪಡೀಲಿಗೆ ಬರುವುದು ಬಹುತರವಾಗಿ ಬೇರೆಲ್ಲಿಗಾದರೂ ಹೋಗುವುದಕ್ಕೆ.

ಆದರೂ ಈ ಮಾತನ್ನು ಕದ್ರಿಯಲ್ಲಿ ಆಡುವುದಕ್ಕಿಂತ ಪಡೀಲಿನಲ್ಲಿ ಆಡುವುದೇ ಹೆಚ್ಚು ಅವಶ್ಯವೆಂದು ನಾವು ಬಲ್ಲೆವು. ಕದ್ರಿಯ ಮೂರ್ತಿಯನ್ನು ಯಾರೂ ಒಡೆಯಲಾರರು. ಅದರ ಹೆಸರು ಪುಸ್ತಕಗಳಲ್ಲಿದೆ. ಹೆಸರು ಎಲ್ಲಿಯೂ ಬರೆದಿಡದ ಕಟ್ಟೆ, ಬಾವಿ, ಚಾವಡಿ, ಹೆಂಚಿನ ಶಾಲೆ, ಗುತ್ತಿನ ಮನೆ, ನಾಗಬನ ಇವುಗಳ ಗತಿಯೇನು ಎಂಬುದೇ ಇಂದಿನ ಪ್ರಶ್ನೆ.

ಕಟ್ಟೆಯಿಂದಲೇ ಆರಂಭಿಸುತ್ತೇವೆ. ನಮ್ಮ ನಗರದ ನಡುವಣ ಪೇಟೆಗೆ ಹಂಪನಕಟ್ಟೆಯೆಂದು ಹೆಸರು. ಅಪ್ಪಣ್ಣನೆಂಬಾತನು ಅಲ್ಲಿ ಕಟ್ಟೆಯಲ್ಲಿ ಕುಳಿತು ದಾರಿಹೋಕರಿಗೆ ನೀರು ಕೊಡುತ್ತಿದ್ದನೆಂದೂ, ಅಪ್ಪಣ್ಣನ ಕಟ್ಟೆಯೇ ಹಂಪನಕಟ್ಟೆಯಾಯಿತೆಂದೂ ಹಿರಿಯರು ಹೇಳುತ್ತಾರೆ. ಕಟ್ಟೆ ಹೋಯಿತು, ಹೆಸರು ಉಳಿಯಿತು. ೨೦೨೧ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯವರು ರಸ್ತೆಗಾಗಿ ಅಲ್ಲಿ ಅಗೆದಾಗ ಕಾಂಕ್ರೀಟಿನ ಅಡಿಯಿಂದ ಹಳೆಯ ಬಾವಿಯೊಂದು ಬಾಯಿ ತೆರೆಯಿತು. ನೋಡಲು ಜನರು ಮುಗಿಬಿದ್ದರು. ಅದನ್ನು ಮತ್ತೆ ಮುಚ್ಚಿಬಿಡದೆ ಉಳಿಸಬೇಕೆಂದು ನಿರ್ಧಾರವಾಯಿತು. ಸಂತೋಷವೇ ಸರಿ. ಆದರೆ ಆ ಬಾವಿಯನ್ನು ಮೊದಲು ಮುಚ್ಚಿದವರೂ ರಸ್ತೆಗಾಗಿಯೇ ಮುಚ್ಚಿದ್ದರಲ್ಲವೆ? ಅಂದು ಯಾವ ಕಾಗದದಲ್ಲಾದರೂ ‘ಇಲ್ಲಿ ಒಂದು ಬಾವಿಯಿದೆ, ಇದನ್ನು ಊರವರು ಬೇಕೆನ್ನುತ್ತಾರೆ’ ಎಂದು ಬರೆದಿದ್ದರೆ ಅದು ಅಷ್ಟು ಕಾಲ ಕತ್ತಲೆಯಲ್ಲಿ ಇರಬೇಕಾಗಿರಲಿಲ್ಲ.

ಇನ್ನು ನಿಮ್ಮ ನೆರೆಯ ಬಿಕರ್ನಕಟ್ಟೆ. ೧೮೩೭ರಲ್ಲಿ ಸುಳ್ಯದ ಕಡೆಯ ರೈತರು ಕಂಪೆನಿ ಸರಕಾರದ ಮೇಲೆ ಎದ್ದು, ಪುತ್ತೂರು ಬಂಟವಾಳಗಳನ್ನು ಹಾದು, ಏಪ್ರಿಲ್ ೫ರಂದು ಮಂಗಳೂರನ್ನು ಹಿಡಿದರು. ಬಾವುಟಗುಡ್ಡೆಯ ಮೇಲೆ ತಮ್ಮ ಬಾವುಟವನ್ನೇರಿಸಿ ೧೩ ದಿನ ಊರನ್ನಾಳಿದರು. ಕಂಪೆನಿಯ ದಂಡು ಬಂದು ಎಲ್ಲವೂ ಮುಗಿದ ಮೇಲೆ ಅವರಲ್ಲಿ ಕೆಲವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರೆಂಬುದು ಜನರ ಬಾಯಲ್ಲಿ ಇಂದಿಗೂ ನಡೆದು ಬಂದ ಮಾತು. ಬಾವುಟಗುಡ್ಡೆಯಲ್ಲಿ ೨೦೨೨ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಅದು ಯೋಗ್ಯವಾದ ಕಾರ್ಯ. ಆದರೆ ಪ್ರತಿಮೆಯನ್ನು ಎಂದು ಬೇಕಾದರೂ ನಿಲ್ಲಿಸಬಹುದು. ಅವರು ನಡೆದ ದಾರಿಯನ್ನು, ಪ್ರಾಣ ತೆತ್ತ ನೆಲವನ್ನು ಒಮ್ಮೆ ಅಗೆದು ಸಮ ಮಾಡಿದ ಮೇಲೆ ಯಾರು ತಂದು ಕೊಡುವರು? ಬಂಟವಾಳದಿಂದ ಮಂಗಳೂರಿಗೆ ಬರುವವನು ಇಂದಿಗೂ ಪಡೀಲನ್ನು ಮುಟ್ಟದೆ ಬರುವುದು ಕಷ್ಟ. ಆ ದಾರಿಯ ಬದಿಯಲ್ಲಿ ಉಳಿದಿರುವುದೇನು, ಹೋದದ್ದೇನು ಎಂದು ನಾವು ಯಾರಾದರೂ ಲೆಕ್ಕವಿಟ್ಟಿದ್ದೇವೆಯೆ?

ಈ ಲೆಕ್ಕಕ್ಕೆ ಈಗ ಅವಸರ ಬಂದಿದೆ. ೨೦೨೫ರ ಮೇ ತಿಂಗಳಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯ ಹೊಸ ಸಂಕೀರ್ಣವಾದ ಪ್ರಜಾಸೌಧವು ನಿಮ್ಮ ಪಡೀಲಿನಲ್ಲಿಯೇ ಉದ್ಘಾಟನೆಗೊಂಡಿತು. ಕಚೇರಿ ಬಂದಲ್ಲಿಗೆ ವಕೀಲರು ಬರುವರು, ಬರಹಗಾರರು ಬರುವರು, ಹೋಟೆಲು ಬರುವುದು, ನೆಲದ ಬೆಲೆ ಏರುವುದು. ನೆಲದ ಬೆಲೆ ಏರಿದಲ್ಲಿ ಹೆಂಚಿನ ಮನೆ ನಿಲ್ಲುವುದು ದುರ್ಲಭ. ಇದು ಯಾರ ದೋಷವೂ ಅಲ್ಲ, ಲೋಕದ ನಡೆವಳಿ. ನಡೆವಳಿಗೆ ಮುಂಚಿತವಾಗಿ ನಾವು ಎಚ್ಚತ್ತುಕೊಳ್ಳಬೇಕೆಂಬುದಿಷ್ಟೆ ನಮ್ಮ ಅರಿಕೆ.

‘ಪ್ರಾಚೀನ ವಸ್ತು ಇಲಾಖೆಯವರಿದ್ದಾರಲ್ಲ, ಅವರಿಗೆ ಬರೆಯೋಣ’ ಎಂದು ನೀವು ಹೇಳಬಹುದು. ಬರೆಯಿರಿ, ಬೇಡವೆನ್ನುವುದಿಲ್ಲ. ಆದರೆ ಕೇಂದ್ರ ಸರಕಾರದ ೧೯೫೮ರ ಕಾಯ್ದೆಯಂತೆ ಸ್ಮಾರಕವೆನ್ನಿಸಿಕೊಳ್ಳಲು ನೂರು ವರ್ಷವಾದರೂ ಆಗಿರಬೇಕು, ಅದೂ ಇಡೀ ರಾಷ್ಟ್ರಕ್ಕೆ ಮಹತ್ವದ್ದಾಗಿರಬೇಕು. ಭರತಖಂಡವೆಲ್ಲಕ್ಕೂ ಸೇರಿ ಅಂಥವು ಸುಮಾರು ೩,೭೦೦. ಅವುಗಳ ಸುತ್ತ ೧೦೦ ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲವೆಂದು ೨೦೧೦ರ ತಿದ್ದುಪಡಿ ಹೇಳುತ್ತದೆ. ಬೇಲೂರಿಗೂ ಬಾದಾಮಿಗೂ ಇದು ತಕ್ಕ ಕವಚ. ನಿಮ್ಮ ಬೀದಿಯ ಕಟ್ಟೆಗೆ ಈ ಕವಚ ತೊಡಿಸಲು ಹೋದರೆ ಅದರ ಭಾರಕ್ಕೆ ಬೀದಿಯೇ ಕುಸಿಯುವುದು. ರಾಜ್ಯ ಸರಕಾರದ್ದೂ ೧೯೬೧ರ ಒಂದು ಸ್ಮಾರಕ ಕಾಯ್ದೆಯುಂಟು. ಅದರ ಕಣ್ಣೂ ಕೋಟೆ, ದೇಗುಲ, ಶಾಸನಗಳ ಕಡೆಗೇ ಹೆಚ್ಚು.

ಹಾಗಾದರೆ ಬೇರೆ ಬಾಗಿಲಿಲ್ಲವೆ? ಉಂಟು. ಅದು ನಗರ ಯೋಜನೆಯ ಬಾಗಿಲು. ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಆ ಬಾಗಿಲನ್ನು ತಟ್ಟುವುದು ಮನೆ ಕಟ್ಟಲು ಪರವಾನಗಿ ಬೇಕಾದಾಗ ಮಾತ್ರ.

ಇಲ್ಲಿ ಒಂದು ಸಂಗತಿಯನ್ನು ಕನ್ನಡಿಗರು ಮರೆಯಬಾರದು. ಕನ್ನಡ ನಾಡು ಒಡೆದು ಹಂಚಿಹೋಗಿದ್ದ ಕಾಲದಲ್ಲಿ ಊರುಗಳನ್ನು ಕಟ್ಟುವ ಕಾನೂನೂ ಒಡೆದಿತ್ತು. ಬೆಳಗಾವಿಯ ಕಡೆಗೆ ಮುಂಬಯಿಯ ಕಾನೂನು, ನಮ್ಮ ಕರಾವಳಿಗೆ ಮದ್ರಾಸಿನ ೧೯೨೦ರ ಕಾನೂನು. ೧೯೫೬ರ ನವೆಂಬರ್ ೧ರಂದು ನಾಡು ಒಂದಾಯಿತು. ಆಮೇಲೆ ಬಂದುದು ೧೯೬೧ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಏಕೀಕರಣವೆಂದರೆ ನಕ್ಷೆಗೆ ಬಣ್ಣ ಹಚ್ಚುವುದು ಮಾತ್ರವೆಂದು ತಿಳಿದವರು ಈ ಕಾಯ್ದೆಯನ್ನು ಒಮ್ಮೆ ಓದಬೇಕು. ಬೀದರಿಗೂ ಪಡೀಲಿಗೂ ಒಂದೇ ಮಾತಿನಲ್ಲಿ ಅನ್ವಯಿಸುವ ಕಾನೂನು ಅದು. ಅದಕ್ಕೆ ಮುಂದೆ ಬಂದ ತಿದ್ದುಪಡಿಯಲ್ಲಿ ‘ಪಾರಂಪರಿಕ ಕಟ್ಟಡ’ ಎಂಬುದಕ್ಕೆ ಲಕ್ಷಣವನ್ನು ಹೇಳಿದ್ದಾರೆ. ವಾಸ್ತುವಿನ, ಸೌಂದರ್ಯದ, ಇತಿಹಾಸದ ಅಥವಾ ಸಂಸ್ಕೃತಿಯ ಮೌಲ್ಯವಿದ್ದು, ಯೋಜನಾ ಪ್ರಾಧಿಕಾರವಾಗಲಿ ಬೇರೆ ಸಕ್ಷಮ ಪ್ರಾಧಿಕಾರವಾಗಲಿ ಹಾಗೆಂದು ಘೋಷಿಸಿದ ಕಟ್ಟಡ ಎಂಬುದು ಅದರ ತಾತ್ಪರ್ಯ. ಗಮನಿಸಿರಿ: ನೂರು ವರ್ಷದ ಮಾತಿಲ್ಲ. ರಾಷ್ಟ್ರಕ್ಕೆಲ್ಲ ಮಹತ್ವದ್ದಾಗಿರಬೇಕೆಂಬ ಮಾತಿಲ್ಲ. ಘೋಷಿಸತಕ್ಕವರು ದೆಹಲಿಯವರಲ್ಲ, ನಮ್ಮ ಊರಿನ ಪ್ರಾಧಿಕಾರದವರು. ಪಡೀಲಿನ ಮಟ್ಟಿಗೆ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ.

ಇನ್ನೊಂದು ಸಾಧನವೂ ಅದೇ ಕಾಯ್ದೆಯಲ್ಲಿದೆ. ಮಹಾಯೋಜನೆಯನ್ನು, ಎಂದರೆ ಮಾಸ್ಟರ್ ಪ್ಲಾನನ್ನು, ಸಿದ್ಧಪಡಿಸುವಾಗ ಕೆಲವು ಪ್ರದೇಶಗಳನ್ನು ವಿಶೇಷ ನಿಯಂತ್ರಣದ ಪ್ರದೇಶಗಳೆಂದು ಗುರುತಿಸಬಹುದು. ಅಲ್ಲಿ ಕಟ್ಟಡ ಎಷ್ಟು ಎತ್ತರವಿರಬೇಕು, ರಸ್ತೆಯಿಂದ ಎಷ್ಟು ಹಿಂದೆ ಇರಬೇಕು, ಅದರ ರೂಪ ಹೇಗಿರಬೇಕು ಎಂದು ಕಟ್ಟಳೆ ಮಾಡಬಹುದು. ಈ ಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಕರಡನ್ನು ಪ್ರಕಟಿಸಿದ ಮೇಲೆ ೬೦ ದಿನಗಳೊಳಗೆ ಸಾರ್ವಜನಿಕರು ತಮ್ಮ ಅಭಿಪ್ರಾಯವನ್ನು ಬರೆದು ಕೊಡಬಹುದು. ಆ ೬೦ ದಿನಗಳಲ್ಲಿ ಅರ್ಜಿ ಹಾಕುವವರು ಯಾರು? ತಮ್ಮ ಗದ್ದೆಗೆ ಹಳದಿ ಬಣ್ಣ ಬರಬೇಕೆನ್ನುವವರು, ತಮ್ಮ ಜಾಗದ ಮೇಲಿನ ರಸ್ತೆ ಪಕ್ಕಕ್ಕೆ ಸರಿಯಬೇಕೆನ್ನುವವರು. ಕಟ್ಟೆಯ ಪರವಾಗಿ ಅರ್ಜಿ ಹಾಕುವವರು ಒಬ್ಬರಾದರೂ ಇದ್ದಾರೆಯೆ?

ಇದು ಕನಸಿನ ಮಾತಲ್ಲ. ಇಂಗ್ಲೆಂಡಿನಲ್ಲಿ ೧೯೪೭ರ ಯೋಜನಾ ಕಾಯ್ದೆಯ ಕಾಲದಿಂದ ಕಟ್ಟಡಗಳ ಪಟ್ಟಿ ನಡೆದು ಬಂದಿದೆ. ರಾಷ್ಟ್ರದ ಪಟ್ಟಿಗೆ ಸೇರದ ಸಾಮಾನ್ಯ ಕಟ್ಟಡಗಳಿಗೆ ಅಲ್ಲಿನ ಪೌರಸಭೆಗಳು ಬೇರೆಯೇ ಊರಪಟ್ಟಿಯನ್ನಿಡುತ್ತವೆ. ಹಳ್ಳಿಯ ಪಾನಶಾಲೆ, ನೀರಿನ ಪಂಪು, ಹಳೆಯ ಶಾಲೆ ಇವೆಲ್ಲ ಅದರಲ್ಲಿ ಸೇರುತ್ತವೆ. ನಮ್ಮ ದೇಶದಲ್ಲಿ ೧೯೮೧ರಲ್ಲಿ ಹೈದರಾಬಾದು ಯೋಜನಾ ನಿಯಮದಲ್ಲಿಯೇ ಪಾರಂಪರಿಕ ಕಟ್ಟಡಗಳಿಗೆ ಸ್ಥಾನ ಕೊಟ್ಟಿತು. ೧೯೯೫ರಲ್ಲಿ ಮುಂಬಯಿ ಮೂರು ದರ್ಜೆಗಳ ಪಟ್ಟಿಯನ್ನು ಮಾಡಿತು. ಮೊದಲನೆಯ ದರ್ಜೆಯದನ್ನು ಮುಟ್ಟಬಾರದು. ಮೂರನೆಯದನ್ನು ಬಳಕೆಗೆ ತಕ್ಕಂತೆ ಮಾರ್ಪಡಿಸಬಹುದು, ಆದರೆ ಕೇಳಿ ಮಾಡಬೇಕು. ಈ ‘ಕೇಳಿ ಮಾಡಬೇಕು’ ಎಂಬಷ್ಟರಲ್ಲೇ ಎಷ್ಟೋ ಕಟ್ಟಡಗಳ ಆಯುಷ್ಯ ಅಡಗಿದೆ.

ನಮ್ಮ ಮೈಸೂರಿನ ಒಂದು ಕಥೆಯನ್ನು ಹೇಳುತ್ತೇವೆ. ಆರ್. ಕೆ. ನಾರಾಯಣರು ಯಾದವಗಿರಿಯಲ್ಲಿ ತಾವೇ ಕಟ್ಟಿಸಿ ವಾಸಿಸಿದ್ದ ಮನೆಯನ್ನು ೨೦೧೧ರಲ್ಲಿ ಕೆಡವುವುದಕ್ಕೆ ತೊಡಗಿದರು. ಬಾಗಿಲು ಕಿಟಕಿಗಳು ಆಗಲೇ ಕಳಚಿದ್ದವು. ಸುದ್ದಿ ಪತ್ರಿಕೆಗಳಿಗೆ ಬಂದಿತು, ಅಧಿಕಾರಿಗಳು ಕೆಲಸವನ್ನು ನಿಲ್ಲಿಸಿದರು, ಮನೆಯನ್ನು ಪಾರಂಪರಿಕ ಕಟ್ಟಡವೆಂದು ಸಾರಿದರು. ಮುಂದೆ ಹಣ ಕೊಟ್ಟು ಕೊಂಡು, ದುರಸ್ತಿ ಮಾಡಿಸಿ, ೨೦೧೬ರಲ್ಲಿ ಸಾರ್ವಜನಿಕರಿಗೆ ತೆರೆದರು. ಆಗ ನಮ್ಮವರಲ್ಲಿ ಕೆಲವರು, ಅವರು ಕನ್ನಡದಲ್ಲಿ ಬರೆದವರಲ್ಲ, ಅವರ ಮನೆಗೆ ನಾಡಿನ ಹಣವೇಕೆ ಎಂದು ಆಕ್ಷೇಪಿಸಿದರು. ಕನ್ನಡದ ಅಭಿಮಾನದಲ್ಲಿ ನಾವು ಯಾರಿಗೂ ಕಡಿಮೆಯವರಲ್ಲವೆಂದು ಈ ಪತ್ರಿಕೆಯ ಓದುಗರು ಬಲ್ಲರು. ಆದರೂ ಆ ಆಕ್ಷೇಪ ನಮಗೆ ಒಪ್ಪಿಗೆಯಾಗಲಿಲ್ಲ. ಮನೆ ಕನ್ನಡ ನೆಲದ ಮೇಲಿತ್ತು. ಅದನ್ನು ಕಟ್ಟಿದ ಕೈಗಳು ಈ ನಾಡಿನವು. ಅದನ್ನು ಬಿಟ್ಟುಕೊಟ್ಟಿದ್ದರೆ ನಾಳೆ ಕನ್ನಡ ಕವಿಯ ಮನೆಗೆ ಕೈಯಿಕ್ಕಿದಾಗ ತಡೆಯಲು ನಮಗೆ ಮುಖವೆಲ್ಲಿರುತ್ತಿತ್ತು? ಆದರೆ ಕಥೆಯ ಮುಖ್ಯಾಂಶ ಬೇರೆಯಿದೆ. ಬಾಗಿಲು ಕಿತ್ತ ಮೇಲೆ ಸಾರಿದ್ದರಿಂದ ಕೊಳ್ಳಬೇಕಾಯಿತು. ಅದಕ್ಕೂ ಮೊದಲೇ ಪಟ್ಟಿಯಲ್ಲಿ ಹೆಸರಿದ್ದಿದ್ದರೆ ಅಷ್ಟು ಗಲಿಬಿಲಿಯಿಲ್ಲದೆ ಕಾರ್ಯ ಸಾಗುತ್ತಿತ್ತು. ಎಲ್ಲ ಮನೆಗಳಿಗೂ ನಾರಾಯಣರ ಕೀರ್ತಿಯಿರುವುದಿಲ್ಲವಲ್ಲ.

ಪಟ್ಟಿಯೊಂದಿದ್ದರೆ ಸಾಕೆಂದು ಭ್ರಮಿಸಲೂ ಬಾರದು. ಅದೇ ಮೈಸೂರಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡವು ೨೦೧೨ರಲ್ಲಿ ಒಂದು ಭಾಗ ಕುಸಿದು ಜನರ ಪ್ರಾಣವನ್ನೇ ತೆಗೆದುಕೊಂಡಿತು. ೨೦೧೬ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಉರುಳಿತು. ಎರಡೂ ಹೆಸರಾಂತ ಕಟ್ಟಡಗಳೇ. ಹೆಸರು ಬರೆದು ಬೀಗ ಹಾಕಿದರೆ ಗೋಡೆಗೆ ಬಲ ಬರುವುದಿಲ್ಲ. ನಮ್ಮ ಕರಾವಳಿಯ ಮಳೆಯನ್ನಂತೂ ಕೇಳಲೇಬೇಡಿ: ಒಂದು ಹೆಂಚು ಜಾರಿ ಎರಡು ಮಳೆಗಾಲ ಕಳೆದರೆ ಪಕ್ಕಾಸು ಕೊಳೆಯುತ್ತದೆ, ಮೂರನೆಯ ಮಳೆಗಾಲಕ್ಕೆ ಮುರಕಲ್ಲಿನ ಗೋಡೆ ಕರಗತೊಡಗುತ್ತದೆ.

ಇಲ್ಲಿ ಮನೆಯ ಯಜಮಾನನ ಮಾತನ್ನು ಕೇಳದೆ ಮುಂದೆ ಹೋಗುವುದು ಅನ್ಯಾಯ. ಹಳೆಯ ಮನೆಯಲ್ಲಿರುವವನ ಕಷ್ಟ ಸಭೆಯಲ್ಲಿ ಭಾಷಣ ಮಾಡುವವನಿಗೆ ತಿಳಿಯದು. ಮಕ್ಕಳು ಮುಂಬಯಿಯಲ್ಲೋ ದುಬಾಯಿಯಲ್ಲೋ ಇದ್ದಾರೆ. ಕೂಡುಮನೆಯಲ್ಲಿ ಹನ್ನೆರಡು ಮಂದಿಗೆ ಹಕ್ಕು. ವರ್ಷಕ್ಕೊಮ್ಮೆ ಹೆಂಚು ಸರಿಮಾಡುವ ಆಳು ಸಿಗುವುದಿಲ್ಲ. ಸಿಕ್ಕಿದರೆ ಅವನ ಕೂಲಿ ಹುಟ್ಟುವುದಿಲ್ಲ. ಪಕ್ಕದ ಜಾಗದವನು ಹತ್ತು ಅಂತಸ್ತು ಎಬ್ಬಿಸಿ ಸುಖವಾಗಿದ್ದಾನೆ. ಇವನಿಗೆ ನಾವು ‘ನಿನ್ನ ಮನೆ ಊರಿನ ಸೊತ್ತು, ಮುಟ್ಟಬೇಡ’ ಎಂದರೆ, ‘ಊರಿನ ಸೊತ್ತಾದರೆ ಊರೇ ಹೆಂಚು ಹೊದಿಸಲಿ’ ಎಂದು ಅವನು ಹೇಳುವುದರಲ್ಲಿ ತಪ್ಪೇನಿದೆ? ಮುಂಬಯಿಯ ನಿಯಮದಲ್ಲಿ ಅಂಥ ಯಜಮಾನನು ತನ್ನ ಜಾಗದಲ್ಲಿ ಕಟ್ಟದೆ ಬಿಟ್ಟುಕೊಟ್ಟ ಹಕ್ಕನ್ನು ಬೇರೆಡೆಗೆ ವರ್ಗಾಯಿಸಿ ಮಾರಿಕೊಳ್ಳಲು ಅವಕಾಶವುಂಟು. ಇಂಥ ಪರಿಹಾರವಿಲ್ಲದೆ ಪಟ್ಟಿ ಮಾತ್ರ ಬಂದರೆ, ಪಟ್ಟಿಗೆ ಸೇರುವ ಮುನ್ನಾದಿನ ರಾತ್ರಿಯೇ ಜೆ.ಸಿ.ಬಿ. ಬರುವುದು. ಆದುದರಿಂದ ಪ್ರಾಧಿಕಾರಕ್ಕೆ ನಾವು ಬರೆಯುವ ಪ್ರತಿಯೊಂದು ಅರ್ಜಿಯಲ್ಲಿ ಕಟ್ಟಡದ ಹೆಸರಿನ ಪಕ್ಕದಲ್ಲಿಯೇ ಯಜಮಾನನಿಗೆ ಕೊಡಬೇಕಾದ ಅನುಕೂಲವನ್ನೂ ಕೇಳಬೇಕು: ತೆರಿಗೆಯಲ್ಲಿ ವಿನಾಯಿತಿ, ದುರಸ್ತಿಗೆ ಸಹಾಯ, ಹಕ್ಕಿನ ವರ್ಗಾವಣೆ.

ನಮ್ಮದೇ ಮನೆಯ ತಪ್ಪನ್ನೂ ಹೇಳಿಬಿಡುತ್ತೇವೆ, ಯಾರೂ ಕೋಪಿಸಿಕೊಳ್ಳಬಾರದು. ಬಿಲ್ಡರುಗಳು ಕೆಡವಿದ್ದಕ್ಕಿಂತ ಜೀರ್ಣೋದ್ಧಾರ ಸಮಿತಿಗಳು ಕೆಡವಿದ್ದು ಕಡಿಮೆಯೇನಲ್ಲ. ಮುರಕಲ್ಲಿನ ಗೋಡೆ, ಮರದ ದಾರಂದ, ತಗ್ಗಿ ಒಳಹೊಗಬೇಕಾದ ಮಾಡು ಇದ್ದ ದೈವಸ್ಥಾನವನ್ನು ಕೆಡವಿ ಕಾಂಕ್ರೀಟಿನದನ್ನು ಕಟ್ಟಿ, ನೆಲಕ್ಕೆ ನುಣುಪು ಕಲ್ಲು ಹಾಸಿ, ‘ಅಭಿವೃದ್ಧಿಯಾಯಿತು’ ಎನ್ನುತ್ತೇವೆ. ನಾಗಬನದ ಮರಗಳನ್ನು ಕಡಿದು ನಾಗನಿಗೆ ಸಿಮೆಂಟಿನ ಕಟ್ಟೆ ಕಟ್ಟಿಸುತ್ತೇವೆ. ಭಕ್ತಿಗೆ ನಾವು ವಿರೋಧಿಗಳಲ್ಲ. ಆದರೆ ಜೀರ್ಣವಾದುದನ್ನು ಉದ್ಧರಿಸುವುದೆಂದರೆ ಅದನ್ನು ಇಲ್ಲವಾಗಿಸುವುದೆಂದು ಯಾವ ಶಾಸ್ತ್ರವೂ ಹೇಳಿರಲಾರದು.

ಹೆಂಚಿನ ಮಾತಂತೂ ಇನ್ನೂ ವಿಚಿತ್ರ. ೧೮೬೫ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಸಾಹೇಬರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನೇತ್ರಾವತಿಯ ಆವೆಮಣ್ಣು ಬೆಂದು ಕೆಂಪಾಗಿ ಹಡಗು ಹತ್ತಿ ಆಫ್ರಿಕದ ಮನೆಗಳನ್ನು ಹೊದಿಸಿತು. ‘ಮಂಗಳೂರು ಹೆಂಚು’ ಎಂದು ಊರಿನ ಹೆಸರನ್ನು ಲೋಕವೆಲ್ಲ ಹೊತ್ತು ತಿರುಗಿದ್ದು ಅದರಿಂದ. ಅದೇ ಮಿಶನ್ನಿನವರು ೧೮೪೧ರಲ್ಲಿ ಆರಂಭಿಸಿದ ಮುದ್ರಣಾಲಯದಿಂದ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ೧೮೪೩ರ ಜುಲೈ ೧ರಂದು ಹೊರಟಿತು, ಕಿಟ್ಟೆಲರ ನಿಘಂಟು ೧೮೯೪ರಲ್ಲಿ ಅಚ್ಚಾಯಿತು. ಕನ್ನಡದ ಬಾಯಿಗೆ ಅಕ್ಷರ ಕೊಟ್ಟ ಊರು, ಮನೆಗಳ ತಲೆಗೆ ಹೆಂಚು ಕೊಟ್ಟ ಊರು ಇದೊಂದೇ. ಇಂದು ಅದೇ ಊರಿನಲ್ಲಿ ಹೆಂಚಿನ ಮಾಡನ್ನು ಹುಡುಕಿಕೊಂಡು ಹೋಗಬೇಕಾಗಿದೆ.

ನಾವು ಓದಿದ ಶಾಲೆಗೂ ಅಂಥದೇ ಮಾಡು ಇತ್ತು. ಹೆಸರು ಬೇಡ. ಉಪಾಧ್ಯಾಯರು ಮಗ್ಗಿ ಒಪ್ಪಿಸಿಕೊಳ್ಳುವಾಗ ನಾವು ಮೇಲೆ ನೋಡುತ್ತಿದ್ದೆವು. ಹೆಂಚಿನ ಅಡಿಯಲ್ಲಿ ಕಾರ್ಖಾನೆಯ ಹೆಸರೂ ೧೮೬೫ ಎಂಬ ಅಂಕೆಯೂ ಉಬ್ಬಕ್ಷರದಲ್ಲಿ ಒತ್ತಿರುತ್ತಿತ್ತು. ನಮಗೆ ಇಂಗ್ಲಿಷ್ ಅಕ್ಷರಗಳ ಪರಿಚಯವಾದುದು ಪುಸ್ತಕದಿಂದಲ್ಲ, ಆ ಮಾಡಿನಿಂದ. ಒಂದು ಬೇಸಗೆ ರಜೆಯಲ್ಲಿ ಊರಿಗೆ ಹೋಗಿ ನೋಡುವಾಗ ಶಾಲೆಯಿದ್ದಲ್ಲಿ ಮಣ್ಣಿನ ರಾಶಿಯಿತ್ತು. ಯಾರನ್ನೂ ಕೇಳಿರಲಿಲ್ಲ, ಕೇಳಬೇಕೆಂದು ಯಾವ ಕಾಗದದಲ್ಲೂ ಇರಲಿಲ್ಲ. ಹೊಸ ಕಟ್ಟಡ ಗಟ್ಟಿಯಾಗಿದೆ, ಸೋರುವುದಿಲ್ಲ, ಅದೂ ನಿಜ. ಆ ರಾಶಿಯಿಂದ ಒಂದು ಹೆಂಚನ್ನು ತಂದು ಇಂದಿಗೂ ಮೇಜಿನ ಮೇಲೆ ಇಟ್ಟುಕೊಂಡಿದ್ದೇವೆ. ಅರ್ಧ ಒಡೆದಿದೆ.

ಗಡಿಯಾಚೆಯ ಬಂಧುಗಳನ್ನು ಮರೆತು ಈ ಮಾತನ್ನು ಮುಗಿಸಲಾರೆವು. ತಲಪಾಡಿಯನ್ನು ದಾಟಿದರೆ ನಮ್ಮ ೧೯೬೧ರ ಕಾಯ್ದೆ ನಡೆಯದು. ಅಲ್ಲಿ ಕೇರಳದ ೨೦೧೬ರ ಕಾಯ್ದೆ. ಆದರೆ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆಯನ್ನು ಉಳಿಸಿ ‘ಗಿಳಿವಿಂಡು’ ಎಂಬ ಸ್ಮಾರಕವಾಗಿ ಮಾಡುವ ಕಾರ್ಯದಲ್ಲಿ ಎರಡು ಸರಕಾರಗಳೂ ಕೈಗೂಡಿಸಿದವು. ಕಾಸರಗೋಡಿನ ಕನ್ನಡಿಗರು ತಮ್ಮ ಪಂಚಾಯತಿಗಳಲ್ಲಿ ತಮ್ಮ ಪಟ್ಟಿಯನ್ನು ತಾವೇ ಬರೆಯಿಸಬೇಕು. ಪಟ್ಟಿ ಮಲಯಾಳದಲ್ಲಿ ಹೋದರೂ ಚಿಂತೆಯಿಲ್ಲ, ಕಟ್ಟಡ ಉಳಿದರೆ ಸಾಕು.

ಇನ್ನು ಪಡೀಲಿನಲ್ಲಿ ಆಗಬೇಕಾದ ಕೆಲಸ. ಅದಕ್ಕೆ ಹಣ ಬೇಡ, ಪಂಡಿತರು ಬೇಡ. ಉಪಾಧ್ಯಾಯರು ಬೇಕು. ಒಂದೊಂದು ಕಟ್ಟೆಗೆ, ಬಾವಿಗೆ, ಮನೆಗೆ ಒಂದೊಂದು ಹಾಳೆ. ಅದರಲ್ಲಿ ಸ್ಥಳದ ಹೆಸರು, ಸರ್ವೆ ನಂಬರು, ಉದ್ದಗಲ, ಒಂದು ಚಿತ್ರ, ಯಾವ ಕಾಲದ್ದೆಂದು ಯಾರು ಹೇಳಿದರು, ಇಂದು ಯಾರು ಬಳಸುತ್ತಾರೆ ಇವಿಷ್ಟನ್ನು ಬರೆಯಬೇಕು. ಕೊನೆಗೆ, ಇದು ಹೋದರೆ ಯಾರಿಗೆ ನೋವಾಗುವುದು ಎಂಬುದನ್ನು ಅವರ ಮಾತಿನಲ್ಲಿಯೇ ಬರೆಯಬೇಕು. ಕೇಳಿದ್ದನ್ನು ಕೇಳಿದ್ದೆಂದೂ ಕಂಡದ್ದನ್ನು ಕಂಡದ್ದೆಂದೂ ಬೇರೆ ಬೇರೆಯಾಗಿ ಬರೆಯಿರಿ. ಬಿಕರ್ನಕಟ್ಟೆಯ ಗಲ್ಲಿನ ಮಾತನ್ನು ‘ಹಿರಿಯರು ಹೇಳುತ್ತಾರೆ’ ಎಂದೇ ಬರೆಯಿರಿ. ಸುಳ್ಳು ಸೇರಿದ ಪಟ್ಟಿಯನ್ನು ಅಧಿಕಾರಿಗಳು ಮೊದಲ ದಿನವೇ ತಳ್ಳಿಬಿಡುವರು. ಯಜಮಾನನ ಒಪ್ಪಿಗೆಯಿಲ್ಲದೆ ಯಾರ ಜಗಲಿಯನ್ನೂ ಏರಬೇಡಿ. ಹಾಳೆಗಳನ್ನು ಮೂರು ಪ್ರತಿ ಮಾಡಿ ಒಂದನ್ನು ಪ್ರಾಧಿಕಾರಕ್ಕೆ, ಒಂದನ್ನು ಮಹಾನಗರಪಾಲಿಕೆಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮೂರನೆಯದು ಶಾಲೆಯ ಕಪಾಟಿನಲ್ಲಿರಲಿ. ಜಿಲ್ಲಾಧಿಕಾರಿಗಳ ಕಚೇರಿ ಈಗ ನಿಮಗೆ ಕಾಲ್ನಡಿಗೆಯ ದೂರ. ಅಲ್ಲಿಗೂ ಒಂದು ನಕಲು ಕೊಟ್ಟರೆ ಬಸ್ಸಿನ ಖರ್ಚಿಲ್ಲ.

ಮುಂದಿನ ಭಾನುವಾರ ಬೆಳಗ್ಗೆ ಏಳು ಗಂಟೆಗೆ ನಾವು ಇಲ್ಲಿಂದ ಹೊರಟು ಬಿಕರ್ನಕಟ್ಟೆಯವರೆಗೆ ನಡೆಯುತ್ತೇವೆ. ಬರಲಿಚ್ಛಿಸುವವರು ಒಂದು ನೋಟುಪುಸ್ತಕವನ್ನೂ ಅಳತೆಯ ಟೇಪನ್ನೂ ತರಬೇಕು. ಮೇಲಿನ ತರಗತಿಯ ಮಕ್ಕಳನ್ನು ಕರೆತಂದರೆ ಇನ್ನೂ ಒಳ್ಳೆಯದು, ಟೇಪಿನ ಮತ್ತೊಂದು ತುದಿಯನ್ನು ಹಿಡಿಯಲು ಯಾರಾದರೂ ಬೇಕಲ್ಲ.